ಉತ್ತರದ ಹಾಳೆಗಳಿಲ್ಲದ ಒಗಟಿನ ಪುಸ್ತಕ

2022ರ ಫೆಬ್ರುವರಿ 24ರ ನಸುಕಿನಲ್ಲಿ ರಷ್ಯಾದ ದಾಳಿಗೆ ಉಕ್ರೇನಿನ ಖಾರ್ಕಿವ್‌ನ ನಮ್ಮ ಹಾಸ್ಟೆಲಿನ ಕಿಟಕಿ ಗಾಜು ಅದುರಿದಾಗ ನಾನು ಚೀಲಕ್ಕೆ ತುರುಕಿದ್ದು ಪಾಸ್‌ಪೋರ್ಟ್, ಚಾರ್ಜರ್, ಅವಲಕ್ಕಿ ಮತ್ತು ಅಂಗರಚನಾಶಾಸ್ತ್ರದ ದಪ್ಪ ಪುಸ್ತಕ. ಚಟ್ನಿಪುಡಿ ಡಬ್ಬಿಯ ಜೊತೆ ಒಂದು ಒಗಟಿನ ಪುಸ್ತಕವೂ ಬಂದುಬಿಟ್ಟಿತ್ತು. ಶಿಡ್ಲಘಟ್ಟದಿಂದ ಹೊರಡುವಾಗ ಡಬ್ಬಿ ಅಲುಗಾಡದಿರಲೆಂದು ಅಮ್ಮ ಸಿಕ್ಕಿಸಿದ್ದು. ಅದಕ್ಕೆ ರಟ್ಟು ಇರಲಿಲ್ಲ, ಕೊನೆಯ ಉತ್ತರದ ಹಾಳೆಗಳೂ ಇರಲಿಲ್ಲ.

ನೆಲಮಾಳಿಗೆಯಲ್ಲಿ ಮೊದಲ ಎರಡು ರಾತ್ರಿ ಮೊಬೈಲಿನಲ್ಲಿ ಕಾದಂಬರಿ ಓದಲು ನೋಡಿದೆ. ಒಂದೇ ಸಾಲನ್ನು ಐದಾರು ಸಲ ಓದುತ್ತಿದ್ದೆ. ಮುಂದೇನಾಗುತ್ತದೋ ಎಂಬ ಕುತೂಹಲವೇ ಕಾದಂಬರಿಯ ಜೀವಾಳ. ಆ ಪ್ರಶ್ನೆ ನಮ್ಮ ತಲೆಯ ಮೇಲೆಯೇ ಕೂತಿದ್ದಾಗ ಇನ್ನೊಂದನ್ನು ಹೊರಲು ಮನಸ್ಸು ಒಪ್ಪಲಿಲ್ಲ. ಬ್ಯಾಟರಿಯೂ ಇಳಿಯುತ್ತಿತ್ತು. ಮಣಿಕಟ್ಟಿನ ಎಂಟು ಮೂಳೆಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸುವುದೇ ವಾಸಿ ಎನಿಸಿತು.

ಮೂರನೆಯ ರಾತ್ರಿ ಒಗಟಿನ ಪುಸ್ತಕ ತೆಗೆದೆ. ಹಾಳೆ ತಿರುಗಿಸಲು ಕೈಗವಸು ಕಳಚಬೇಕು, ಕಳಚಿದರೆ ಬೆರಳು ಮರಗಟ್ಟುತ್ತಿದ್ದವು. ಹಾಗಾಗಿ ಸರದಿ ಮಾಡಿಕೊಂಡೆವು. ಒಬ್ಬರು ಟಾರ್ಚ್ ಹಾಕಿ ಒಂದೇ ಒಗಟು ಓದಿ ಆರಿಸಬೇಕು, ಉತ್ತರವೆಲ್ಲ ಕತ್ತಲಲ್ಲಿ. ನಡುವೆ ಸದ್ದಾದರೆ ನಿಲ್ಲಿಸಿ, ಮತ್ತೆ ಮೊದಲಿನಿಂದ. ಮಲಯಾಳಿ ಗೆಳತಿಯರಿಗೆ ಹಿಂದಿಯಲ್ಲಿ ಹೇಳುತ್ತಿದ್ದೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಮಲ್ಲಿಗೆ ಎಂದು ಅವರೇ ಮೊದಲು ಹೇಳಿದರು.

ಮರುದಿನ ಬಂದದ್ದು ‘ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ’. ಓದಿದ ಮೇಲೆಯೇ ಅದು ಎಂಥ ಮಾತೆಂದು ಹೊಳೆದದ್ದು. ಎಲ್ಲರೂ ಸುಮ್ಮನಾದರು.

“ಅಕ್ಕಾ, ಇದು ನಾವಿರುವ ಜಾಗವೇ ಅಲ್ಲವೇ?” ಎಂದಳು ಬಳ್ಳಾರಿಯ ಕಿರಿಯಳೊಬ್ಬಳು. ನಕ್ಕೆವು, ಸ್ವಲ್ಪ ಜೋರಾಗಿಯೇ. ಮೊಟ್ಟೆ ಎಂದರು ಹಲವರು. ನಾನು ಶಿಡ್ಲಘಟ್ಟದವಳು, ರೇಷ್ಮೆಗೂಡು ಎಂದು ಹಟ ಹಿಡಿದೆ. ಗೂಡು ಹಳದಿಯಲ್ಲವೇ ಎಂದು ರಾಮನಗರದವನೊಬ್ಬ ಕೆಣಕಿದ. ಅದು ಮಿಶ್ರತಳಿ ಹುಳುವಿನ ಗೂಡು, ದ್ವಿತಳಿ ಹುಳುವಿನದು ಸುಣ್ಣದಷ್ಟೇ ಬಿಳುಪು ಎಂದೆ. ತೀರ್ಪು ಕೊಡಲು ಉತ್ತರದ ಹಾಳೆಯೇ ಇರಲಿಲ್ಲವಾದ್ದರಿಂದ ಜಗಳ ಅರ್ಧ ಗಂಟೆ ಎಳೆಯಿತು. ಹೊರಗಿನ ಸದ್ದು ಎಣಿಸುತ್ತಿದ್ದ ಹುಡುಗ ಎಣಿಕೆ ತಪ್ಪಿಸಿಕೊಂಡ.

ಮಾರ್ಚ್ 1ರ ಬೆಳಿಗ್ಗೆ ದಿನಸಿ ತರಲು ಹೋಗಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ದಾಳಿಗೆ ಸಿಕ್ಕಿ ತೀರಿಕೊಂಡ. ಆ ರಾತ್ರಿ ಇಬ್ಬರು ಕೇಳಿದರೂ ನಾನು ಪುಸ್ತಕ ತೆರೆಯಲಿಲ್ಲ.

ಮರುದಿನ ರಾಯಭಾರ ಕಚೇರಿಯ ಸೂಚನೆ ಬಂತು: ಸಂಜೆ ಆರರೊಳಗೆ, ನಡೆದಾದರೂ ಸರಿ, ಖಾರ್ಕಿವ್ ಹೊರವಲಯದ ಪೆಸೋಚಿನ್, ಬಾಬಾಯೆ ಅಥವಾ ಬೆಜ್ಲಿಯುಡೊವ್ಕಾ ತಲುಪಿ. ಪೆಸೋಚಿನ್ ಕಡೆ ನಡೆದೆವು. ಅಂಗರಚನಾಶಾಸ್ತ್ರವನ್ನು ಮೆಟ್ಟಿಲ ಮೇಲೆ ಬಿಟ್ಟೆ, ಒಗಟುಗಳನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡೆ.

ಖಾರ್ಕಿವ್ ಉಕ್ರೇನಿನ ಪುಸ್ತಕ ಮುದ್ರಣದ ದೊಡ್ಡ ಕೇಂದ್ರವೆಂಬುದು ಅಲ್ಲಿದ್ದಾಗ ನನಗೆ ಗೊತ್ತಿರಲಿಲ್ಲ. 2024ರ ಮೇ 23ರಂದು ಅಲ್ಲಿನ ಮುದ್ರಣಾಲಯಕ್ಕೆ ಕ್ಷಿಪಣಿ ಬಡಿದು ಏಳು ಮಂದಿ ಸತ್ತರು, ಸುಮಾರು 50 ಸಾವಿರ ಪುಸ್ತಕಗಳು ಸುಟ್ಟುಹೋದವು ಎಂಬ ಸುದ್ದಿಯಿಂದ ತಿಳಿಯಿತು.

ಊರಿಗೆ ಬಂದ ಮೊದಲ ವಾರ ನಮ್ಮ ರೇಷ್ಮೆ ಹುಳುಮನೆಯಲ್ಲೇ ಮಲಗಿದೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ಒಂದು ರಾತ್ರಿ ಅಮ್ಮನಿಗೆ ಆ ಒಗಟು ಹೇಳಿದೆ.

“ಮೊಟ್ಟೆ ಕಣಮ್ಮಾ. ಗೂಡಾದರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದಲ್ಲ.”

“ಮರಿಯೂ ಮೊಟ್ಟೆ ಒಡೆದುಕೊಂಡೇ ಬರುವುದಲ್ಲವೇ ಅಮ್ಮಾ?”

ಅಮ್ಮ ಸ್ವಲ್ಪ ಯೋಚಿಸಿ, ಸೊಪ್ಪು ಹಾಕುವ ಹೊತ್ತಾಯಿತು, ಏಳು ಎಂದರು.