ಒಂದೇ ಹೃತ್ಕರ್ಣದೊಳಗಿನ ವಿದ್ಯುತ್ ವ್ಯತ್ಯಾಸವನ್ನು ನಾನು ದಾಖಲಿಸಿದ ಬಗೆ

ಹೃದಯದ ಮೇಲಿನ ಕೋಣೆಯಾದ ಬಲ ಹೃತ್ಕರ್ಣದ ಒಳಗೋಡೆಯಲ್ಲಿರುವ ದಪ್ಪ ಸ್ನಾಯುದಿಣ್ಣೆ ಕ್ರಿಸ್ಟಾ ಟರ್ಮಿನಾಲಿಸ್‌ನ ಆ್ಯಕ್ಷನ್ ಪೊಟೆನ್ಷಿಯಲ್ (ಪ್ರತಿ ಬಡಿತದಲ್ಲೂ ಕೋಶದಲ್ಲಿ ಏಳುವ ವಿದ್ಯುತ್ ಅಲೆ), ಅದರಿಂದ ಕವಲೊಡೆಯುವ ಪಕ್ಕದ ಪೆಕ್ಟಿನೇಟ್ ಸ್ನಾಯುವಿನದಕ್ಕಿಂತ ದೀರ್ಘವಾಗಿರುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ತಿಳಿದಿದೆ. ಆದರೂ ಮೊಲದ ಬಲ ಹೃತ್ಕರ್ಣದಲ್ಲಿ ನಾನು ಆ ಅಂತರವನ್ನು ತೋರಿಸಿದಾಗ ಸಹೋದ್ಯೋಗಿಗಳು ಒಪ್ಪಲಿಲ್ಲ. ಅಂಗಾಂಶವನ್ನು ಜೀವಂತವಾಗಿಡುವ ತೊಟ್ಟಿಯೊಳಗೆ ಬೆಚ್ಚಗಿನ ದ್ರಾವಣ ಬರುವ ಬದಿ ಹೆಚ್ಚು ಬೆಚ್ಚಗಿರುತ್ತದೆ, ಬೆಚ್ಚಗಿನ ಅಂಗಾಂಶ ಬೇಗ ಮರುಧ್ರುವೀಕರಣಗೊಳ್ಳುತ್ತದೆ (ಎಂದರೆ ಪ್ರಚೋದನೆಯ ಬಳಿಕ ವಿಶ್ರಾಂತಿ ಸ್ಥಿತಿಗೆ ಮರಳುತ್ತದೆ), ನೀನು ಅಳೆದದ್ದು ಉಷ್ಣತೆಯನ್ನೇ ಎಂದರು. ಕೊನೆಗೆ ದಾಖಲಿಸಿದ ಜಾಗ ಅಷ್ಟರಲ್ಲಿ ದಣಿದಿರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಎರಡೂ ಉತ್ತರ ಬೇಡುವ ಪ್ರಶ್ನೆಗಳೇ ಆಗಿದ್ದವು.

ಎಲ್ಲ ಜಾಗಗಳನ್ನೂ ಏಕಕಾಲದಲ್ಲಿ ನೋಡಿದರೆ ವಾದವೇ ಮುಗಿಯುತ್ತದೆ ಎಂಬ ಲೆಕ್ಕದಲ್ಲಿ, ವಿದ್ಯುತ್ ವಿಭವಕ್ಕೆ ತಕ್ಕಂತೆ ಹೊಳಪು ಬದಲಿಸುವ ಬಣ್ಣವನ್ನು ಅಂಗಾಂಶಕ್ಕೆ ಹಾಕಿ ಕ್ಯಾಮೆರಾದಲ್ಲಿ ಸೆರೆಹಿಡಿಯುವ ಆಪ್ಟಿಕಲ್ ಮ್ಯಾಪಿಂಗ್‌ಗೆ ಹೋದೆವು. ಅನುದಾನದ ಹತ್ತಿರ ಹತ್ತಿರ ಅರ್ಧ ಕ್ಯಾಮೆರಾಕ್ಕೇ ಹೋಯಿತು. ಪ್ರಚೋದನೆ ಹರಡುವ ನಕ್ಷೆ ಸೊಗಸಾಗಿ ಬಂತು, ಆದರೆ ನಮಗೆ ಬೇಕಾಗಿದ್ದದ್ದು ಮರುಧ್ರುವೀಕರಣ. ಸಂಕೋಚನವನ್ನು ತಡೆಯುವ ಬ್ಲೆಬಿಸ್ಟಾಟಿನ್ ಇಲ್ಲದಿದ್ದರೆ ಸ್ನಾಯುವಿನ ಸಂಕೋಚನವೇ ಅಲೆಯ ಬಾಲವನ್ನು ಹಾಳುಮಾಡುತ್ತಿತ್ತು. ಹಾಕಿದರೆ ಆ ದುಬಾರಿ ಔಷಧ ದ್ರಾವಣದಲ್ಲಿ ಹರಳುಗಟ್ಟಿ ನಳಿಕೆಗಳಲ್ಲಿ ಉಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ, ಬಣ್ಣದ ಹೊಳಪು ಮೇಲ್ಪದರದಿಂದ ಮಾತ್ರವಲ್ಲದೆ ಅದರ ಕೆಳಗಿನ ಪದರಗಳಿಂದಲೂ ಬರುವುದರಿಂದ, ದಪ್ಪನೆಯ ಕ್ರಿಸ್ಟಾದ ಸಂಕೇತವನ್ನು ಪೆಕ್ಟಿನೇಟ್‌ಗಳ ನಡುವಿನ ತೆಳುಗೋಡೆಯ ಸಂಕೇತದೊಂದಿಗೆ ನೇರವಾಗಿ ಹೋಲಿಸುವಂತಿರಲಿಲ್ಲ.

ಹೀಗಾಗಿ ಕೋಶದೊಳಗೆ ಚುಚ್ಚಿ ವಿಭವವನ್ನು ನೇರವಾಗಿ ಅಳೆಯುವ ಗಾಜಿನ ಮೈಕ್ರೋಎಲೆಕ್ಟ್ರೋಡ್‌ಗೇ ಮರಳಿದೆ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ, ಸುಮಾರು 15ರಿಂದ 25 ಮೆಗಾಓಮ್ ರೋಧವಿರುವ ಎರಡು ತುದಿಗಳು: ಒಂದು ಕ್ರಿಸ್ಟಾದಲ್ಲೇ ನೆಲೆನಿಂತಿರುತ್ತದೆ, ಇನ್ನೊಂದು ಜಾಗದಿಂದ ಜಾಗಕ್ಕೆ ಹೋಗುತ್ತದೆ. ಅಂಗಾಂಶ ದಣಿದರೆ ಅದು ನೆಲೆನಿಂತ ತುದಿಯಲ್ಲಿಯೂ ಕಾಣಬೇಕಾದ್ದರಿಂದ ಎರಡನೆಯ ಆಕ್ಷೇಪ ಅಲ್ಲಿಗೇ ಬಿತ್ತು. ಬಿಗಿಯಾಗಿ ಹಿಡಿದ ಎಲೆಕ್ಟ್ರೋಡ್ ಕೆಲವೇ ಬಡಿತಗಳಲ್ಲಿ ಕೋಶದಿಂದ ಕಿತ್ತು ಬರುತ್ತದೆ. ತುದಿಯನ್ನು ತೆಳುವಾದ ಬೆಳ್ಳಿ ತಂತಿಗೆ ತೂಗುಹಾಕಿದರೆ ಅದು ಸ್ನಾಯುವಿನೊಂದಿಗೇ ಏರಿಳಿಯುತ್ತದೆ. ಆ ತಂತಿಯ ಸುರುಳಿ ಎಷ್ಟು, ಬಾಗು ಎಲ್ಲಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ವಾದವನ್ನು ಗೆಲ್ಲಿಸಿದ್ದು ಮಾತ್ರ ಒಂದು ಸಿಲಿಕೋನ್ ಬಿಲ್ಲೆ. ಅಂಗಾಂಶವನ್ನು ತೊಟ್ಟಿಯ ತಳಕ್ಕೆ ಚುಚ್ಚುವ ಬದಲು ಬಿಲ್ಲೆಗೆ ಚುಚ್ಚಿ, ಒಂದು ಸುತ್ತು ದಾಖಲಾದ ಬಳಿಕ ಪಿನ್ ಕೀಳದೆಯೇ ಬಿಲ್ಲೆಯನ್ನು 180 ಡಿಗ್ರಿ ತಿರುಗಿಸಿದೆ. ವ್ಯತ್ಯಾಸ ಉಷ್ಣತೆಯದಾಗಿದ್ದರೆ ಅದು ತೊಟ್ಟಿಯೊಂದಿಗೆ ಉಳಿಯಬೇಕಿತ್ತು. ಅದು ಅಂಗಾಂಶದೊಂದಿಗೆ ತಿರುಗಿತು. 500 ಮಿಲಿಸೆಕೆಂಡಿಗೊಮ್ಮೆ ಪ್ರಚೋದಿಸಿದಾಗ ಎಪಿಡಿ-90 (ಮರುಧ್ರುವೀಕರಣ ಶೇ 90ರಷ್ಟು ಮುಗಿಯುವವರೆಗಿನ ಅವಧಿ) ಕ್ರಿಸ್ಟಾದಲ್ಲಿ ನೂರರ ಆಸುಪಾಸು, ಪೆಕ್ಟಿನೇಟ್‌ನಲ್ಲಿ ಎಪ್ಪತ್ತೈದರ ಆಸುಪಾಸು ಮಿಲಿಸೆಕೆಂಡ್ ಇತ್ತೆಂದು ನೆನಪು, ತಿರುಗಿಸಿದ ಮೇಲೆ ಎರಡು ಮೂರು ಮಿಲಿಸೆಕೆಂಡಿನಷ್ಟೇ ಬದಲಾವಣೆ. ಕ್ಯಾಮೆರಾದ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಒಂದು ಬಿಲ್ಲೆ ಈ ಕೆಲಸ ಮಾಡಿತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ತೊಟ್ಟಿ ಸಿದ್ಧವಿದ್ದಾಗ ಸುಮ್ಮನಿರಲಾಗಲಿಲ್ಲ. ಮೊಲದ ಹೃತ್ಕರ್ಣದಲ್ಲಿ, ಮರುಧ್ರುವೀಕರಣವನ್ನು ಬೇಗ ಮಾಡಿಸುವ ಪೊಟ್ಯಾಸಿಯಂನ ಹೊರಮುಖ ಕ್ಷಣಿಕ ಪ್ರವಾಹ ಪೆಕ್ಟಿನೇಟ್‌ನಲ್ಲಿ ಹೆಚ್ಚು, ಮತ್ತು ಆ ಪ್ರವಾಹ ಬಹಳ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಹಾಗಾದರೆ ವೇಗವಾಗಿ ಪ್ರಚೋದಿಸಿದಾಗ ಅಂತರ ಕುಗ್ಗಬೇಕಲ್ಲವೇ ಎಂದು ನೋಡಿದೆ, ಕುಗ್ಗಿತು. ಆ ಪ್ರವಾಹವನ್ನು ತಡೆಯುವ 4-ಅಮಿನೋಪಿರಿಡಿನ್ ಹಾಕಿದಾಗಲೂ ಪೆಕ್ಟಿನೇಟ್ ಹಿಗ್ಗಿ ಕ್ರಿಸ್ಟಾವನ್ನು ಸಮೀಪಿಸಿತು. ಈ ಔಷಧ ನರತುದಿಗಳಿಂದ ಅಸಿಟೈಲ್‌ಕೋಲಿನ್ ಮತ್ತು ನಾರ್‌ಅಡ್ರಿನಲಿನ್ ಬಿಡಿಸುವುದರಿಂದ, ಅವುಗಳ ಪರಿಣಾಮವನ್ನು ತಡೆಯುವ ಅಟ್ರೋಪಿನ್ ಹಾಗೂ ಪ್ರೊಪ್ರನೊಲಾಲ್ ಮೊದಲೇ ದ್ರಾವಣದಲ್ಲಿರಬೇಕು, ಇಲ್ಲದಿದ್ದರೆ ಆ ಅಂಕಿಗಳಿಗೆ ಅರ್ಥವಿಲ್ಲ.

ಈಗ ಅದೇ ಬಿಲ್ಲೆಯ ಮೇಲೆ ಎಡ ಹೃತ್ಕರ್ಣವನ್ನು ಶ್ವಾಸಕೋಶದ ಅಭಿಧಮನಿಯ ತೋಳಿನೊಂದಿಗೆ (ಆ ರಕ್ತನಾಳವನ್ನು ಸುತ್ತಿ ಚಾಚಿಕೊಂಡಿರುವ ಹೃತ್ಕರ್ಣದ ಸ್ನಾಯುವಿನೊಂದಿಗೆ) ಹರಡುತ್ತಿದ್ದೇನೆ. ಆ ತೋಳಿನ ಕೋಶಗಳ ವಿಶ್ರಾಂತಿ ವಿಭವ (ಎರಡು ಬಡಿತಗಳ ನಡುವೆ ಕೋಶದೊಳಗಿರುವ ವಿಭವ) ಸಹಜವಾಗಿಯೇ ಕಡಿಮೆ ಋಣಾತ್ಮಕವಾಗಿರುವುದರಿಂದ, ಅಲ್ಲಿ ಕಂಡ ಮೈನಸ್ 65 ಮಿಲಿವೋಲ್ಟ್ ಕೋಶದ ಗುಣವೋ ತುದಿ ಮಾಡಿದ ಗಾಯವೋ ಎಂದು ನಿರ್ಧರಿಸುವುದು ಕಷ್ಟ. ತುದಿಯನ್ನು ಹೊರತೆಗೆದಾಗ ಶೂನ್ಯಕ್ಕೆ ಸರಿಯಾಗಿ ಮರಳುವ, ಹಲವು ನಿಮಿಷ ಅಲುಗದೆ ನಿಲ್ಲುವ ದಾಖಲೆಗಳನ್ನಷ್ಟೇ ಇಟ್ಟುಕೊಳ್ಳುತ್ತಿದ್ದೇನೆ, ಉಳಿದದ್ದನ್ನೆಲ್ಲ ಬಿಡುತ್ತಿದ್ದೇನೆ.