ಮದುವೆ ಕಾರ್ಡಿನ ಅಂಗಡಿಯಲ್ಲಿ ಗೋಡೆ ಚಿತ್ರದ ಪುಸ್ತಕ

ಬೀದಿ ಗೋಡೆಯ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಮಾಡಿ, ಹಾಕಿದ ಬಂಡವಾಳ ಹುಟ್ಟಿಸಿ, ಕಲಾವಿದರಿಗೆ ಮುಂಗಡ ಕೊಟ್ಟು, ಮುಂದಿನ ಪುಸ್ತಕಕ್ಕೂ ಕೈಯಲ್ಲಿ ದುಡ್ಡು ಉಳಿಸಿಕೊಳ್ಳಬಹುದು. ಐದಾರು ವರ್ಷದ ಹಿಂದೆ ಈ ಮಾತು ಆಡಿದಾಗ ಪ್ರಕಾಶನದಲ್ಲಿ ಪಳಗಿದ ಹಿರಿಯರು ಒಬ್ಬರೂ ಒಪ್ಪಲಿಲ್ಲ. "ಕಾದಂಬರಿಯೇ ಐನೂರು ಪ್ರತಿ ಹೋಗೋದು ಕಷ್ಟ, ಗೋಡೆ ಮೇಲಿನ ಬಣ್ಣಕ್ಕೆ ಯಾರಪ್ಪ ದುಡ್ಡು ಕೊಡ್ತಾರೆ" ಅಂದರು. ಈಗ ನಮ್ಮ ಪ್ರಕಾಶನದಿಂದ ಹತ್ತು ಹನ್ನೆರಡು ಪುಸ್ತಿಕೆ ಹೊರಬಂದಿವೆ, ಕೆಲವು ಮರುಮುದ್ರಣವಾಗಿವೆ, ಸಾಲ ತೀರಿದೆ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದೇಬಿಡೋಣ ಅನ್ನಿಸಿತು. ಫಾರಂ, ಪ್ಲೇಟು, ಇಂಪೋಸಿಷನ್ ಎಂಬ ಅಚ್ಚುಕೆಲಸದ ಮಾತು ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಆ ಪಾಠ ಇಲ್ಲಿ ಇಲ್ಲ.

ಮೊದಲ ಪುಸ್ತಕ ಎಲ್ಲರೂ ಮಾಡುವಂಥದ್ದೇ. 160 ಪುಟ, 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್ (ನುಣುಪು ಲೇಪದ ಕಾಗದ; ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ), ಎರಡೂ ಬದಿ ನಾಲ್ಕು ಬಣ್ಣ, ಹೊಲಿಗೆ ಬೈಂಡಿಂಗ್, ಗಟ್ಟಿ ರಟ್ಟು. 2009ರಲ್ಲಿ ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿ ಸಿನಿಮಾ ಬ್ಯಾನರ್ ಬರೆಯುವವರನ್ನು ಕರೆಸಿ ನಗರದ ಗೋಡೆಗಳ ಮೇಲೆ ಸ್ಮಾರಕ, ಕಾಡು, ಜಲಪಾತ ಬರೆಸಿತಲ್ಲ, ಅಲ್ಲಿಂದ ಹಿಡಿದು ಕಬ್ಬನ್ ಪಾರ್ಕ್ ಮೆಟ್ರೊ ಸ್ಟೇಷನ್ನಿನ ಗೋಡೆಗಳವರೆಗೆ ಎಲ್ಲ ಒಂದೇ ಕಡೆ ತರುವ ಆಸೆ. ಸಾವಿರ ಪ್ರತಿಗೆ ನಾಲ್ಕೂವರೆ ಲಕ್ಷದ ಹತ್ತಿರ ಆಯಿತು. ಅದರಲ್ಲಿ ಎರಡು ಲಕ್ಷ ಚೀಟಿ ಎತ್ತಿದ್ದು, ಉಳಿದದ್ದರಲ್ಲಿ ಅರ್ಧಕ್ಕೂ ಹೆಚ್ಚು ಕೈಸಾಲ. ಬೆಲೆ 1200 ರೂಪಾಯಿ ಇಟ್ಟೆವು. ಮಳಿಗೆಗಳು ನೂರಕ್ಕೆ 40 ಕಮಿಷನ್ ಕೇಳಿದವು, ಒಂದು ದೊಡ್ಡ ಮಳಿಗೆ 50 ಕೇಳಿತು, ಅದೂ ಮಾರಾಟವಾದ ಆರು ತಿಂಗಳಿಗೆ ದುಡ್ಡು. ಎರಡು ವರ್ಷದಲ್ಲಿ ಇನ್ನೂರು ಪ್ರತಿಯೂ ಹೋಗಲಿಲ್ಲ. ಪುಸ್ತಕ ಒಂದು ಕೆಜಿ ತೂಗುತ್ತಿತ್ತು, ಕೊರಿಯರ್ ಖರ್ಚಿಗೆ ಓದುಗರು ಹೆದರಿದರು. ಮಳೆಗಾಲದಲ್ಲಿ ಒಂದಷ್ಟು ಬಂಡಲಿಗೆ ನೀರು ಬಿತ್ತು. ಆರ್ಟ್ ಪೇಪರ್ ನೆಂದು ಒಣಗಿದರೆ ಏನಾಗುತ್ತದೆಂದು ನಿಮಗೆ ಗೊತ್ತು, ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಂತಾಗುತ್ತದೆ.

ದುಡ್ಡಿಗಿಂತ ಹೆಚ್ಚು ನೋಯಿಸಿದ್ದು ಬಣ್ಣ. ಗೋಡೆಯ ಮೇಲೆ ಸ್ಪ್ರೇ ಡಬ್ಬಿಯ ಫ್ಲೋರೊಸೆಂಟ್ ಗುಲಾಬಿ ಹೊಳೆಯುತ್ತಿದ್ದರೆ ನಮ್ಮ ಪುಟದಲ್ಲಿ ಅದು ಒಣಗಿದ ದಾಸವಾಳ. ಪ್ರೆಸ್ಸಿನವರು ಫೋಟೊ ಸರಿಯಿಲ್ಲ ಅಂದರು, ಫೋಟೊ ತೆಗೆದವರು ಪ್ರೆಸ್ ಸರಿಯಿಲ್ಲ ಅಂದರು. ಇಬ್ಬರದೂ ತಪ್ಪಲ್ಲ. ನಾಲ್ಕು ಬಣ್ಣದ ಶಾಯಿಯನ್ನು ಹೇಗೆ ಬೆರೆಸಿದರೂ ಆ ಗುಲಾಬಿ ಬರುವುದಿಲ್ಲ. ಬಣ್ಣಕ್ಕೊಂದರಂತೆ ಇರುವ ಅಚ್ಚಿನ ಪ್ಲೇಟುಗಳ ಜೊತೆ ಐದನೇ ಪ್ಲೇಟು ಹಾಕಿ ಪ್ರತ್ಯೇಕ ಶಾಯಿ ಓಡಿಸಬೇಕು, ಸಾವಿರ ಪ್ರತಿಗೆ ಅದು ಕೈಗೆಟುಕುವ ಖರ್ಚಲ್ಲ. ಪುಸ್ತಕ ಕೈಗೆ ಕೊಟ್ಟಾಗ ಆ ಹುಡುಗಿ, ಗೋಡೆ ಬರೆದವಳು, ಏನೂ ಹೇಳದೆ ಪುಟ ಮಗುಚಿ ಮುಂದೆ ಹೋದಳು.

ಕೊರೊನಾ ಕಾಲದಲ್ಲಿ ನಮ್ಮ ಏರಿಯಾದ ಟ್ಯುಟೋರಿಯಲ್ ಒಂದು ಬಾಗಿಲು ಹಾಕಿತು. ಅವರು ಪ್ರಶ್ನೆಪತ್ರಿಕೆ ಹೊಡೆಯುತ್ತಿದ್ದ ರಿಸೋ ಮೆಷಿನ್ (ಮಾಸ್ಟರ್ ಎಂಬ ತೆಳು ಹಾಳೆಯ ತೂತುಗಳಿಂದ ಶಾಯಿ ಇಳಿಸುವ ನಕಲು ಯಂತ್ರ, ಬಣ್ಣಕ್ಕೊಂದು ಡ್ರಮ್) ಮಾರಾಟಕ್ಕಿತ್ತು. ಕಪ್ಪು ಡ್ರಮ್ ಸಮೇತ 70 ಸಾವಿರದ ಆಸುಪಾಸಿಗೆ ಬಂತು. ಕಪ್ಪಿನಿಂದ ನಮಗೇನೂ ಆಗುವುದಿಲ್ಲ. ಹಳೆಯ ಗುಲಾಬಿ ಡ್ರಮ್ ಒಂದು, ನೀಲಿ ಒಂದು ಹುಡುಕಿ ತರಿಸಿದ್ದಕ್ಕೆ ಇನ್ನೊಂದು 50–60 ಸಾವಿರ. ರಿಸೋದ ಫ್ಲೋರೊಸೆಂಟ್ ಗುಲಾಬಿ ಬೇರೆ ಬಣ್ಣಗಳ ಬೆರಕೆಯಲ್ಲ, ಶಾಯಿಯೇ ಆ ಬಣ್ಣದ್ದು. ಮೊದಲ ಹಾಳೆ ಹೊರಬಂದಾಗ ಅದೇ ಹುಡುಗಿಗೆ ಫೋನ್ ಮಾಡಿದೆ. ಬಂದು ನೋಡಿ, "ಸಾರ್, ಇದು ನನ್ನ ಗೋಡೆ" ಅಂದಳು. ನಮ್ಮ ಪ್ರಕಾಶನದ ನಿಜವಾದ ಆರಂಭ ಅದೇ ದಿನ ಎಂದು ಈಗಲೂ ಹೇಳುತ್ತೇನೆ.

ಅಲ್ಲಿಂದ ಆಕಾರವನ್ನೇ ಬದಲಿಸಿದೆವು. ಒಂದು ಗೋಡೆಗೆ ಒಂದು ಪುಸ್ತಿಕೆ, 32 ಪುಟ, ಎ5ಕ್ಕಿಂತ ಕೂದಲೆಳೆ ಚಿಕ್ಕದು (ರಿಸೋ ಅಂಚಿನವರೆಗೆ ಹೊಡೆಯುವುದಿಲ್ಲ, ಕತ್ತರಿಸಲೇಬೇಕು), ಎರಡು ಬಣ್ಣ, ನಡುಮಡಿಕೆಗೆ ಹೊಡೆಯುವ ಸೆಂಟರ್ ಪಿನ್. ಒಳಗೆ ಬರೀ ಫೋಟೊ ಅಲ್ಲ. ಆ ಗೋಡೆಯ ಜಾತಕವೇ ಇರುತ್ತದೆ: ಮೊದಲು ಅಲ್ಲಿ ಏನಿತ್ತು, ಸಾರವೆ ಕಟ್ಟಿದವರು ಯಾರು, ಪ್ರೈಮರ್ ಎಷ್ಟು ಲೀಟರ್ ಹೀರಿತು, ಎದುರಿನ ಕಾಂಡಿಮೆಂಟ್ಸ್ ಅಂಗಡಿಯವರು ಏನಂದರು, ಯಾವಾಗ ಸುಣ್ಣ ಬಿತ್ತು. ಬೀದಿ ಕಲೆಗೆ ಈ ಕೊನೆಯದು ಬಹಳ ಮುಖ್ಯ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಫೈಬರ್ ಮೊಸಳೆ ಇಟ್ಟದ್ದು, 2019ರಲ್ಲಿ ಹೇರೋಹಳ್ಳಿಯ ಗುಂಡಿ ರಸ್ತೆಯನ್ನು ಚಂದ್ರನ ನೆಲ ಮಾಡಿ ಗಗನಯಾತ್ರಿ ವೇಷದವರನ್ನು ನಡೆಸಿದ್ದು ಎಲ್ಲರಿಗೂ ನೆನಪಿದೆ. ಅವರ ಪುಸ್ತಕ ನಾವು ಮಾಡಿಲ್ಲ. ಆದರೆ ಗುಂಡಿ ಮುಚ್ಚಿದ ಕ್ಷಣ ಆ ಕೃತಿಯ ಕೆಲಸ ಮುಗಿಯುತ್ತದೆ, ಆಮೇಲೆ ಉಳಿಯುವುದು ದಾಖಲೆಯೊಂದೇ. ಆ ದಾಖಲೆ ಕನ್ನಡದಲ್ಲಿ, ಕೈಯಲ್ಲಿ ಹಿಡಿಯುವಂತೆ, ಆ ಬೀದಿಯವರಿಗೇ ಎಟುಕುವ ಬೆಲೆಯಲ್ಲಿ ಇರಬೇಕು. ನನ್ನ ಹಟ ಇಷ್ಟೇ.

ಮೆಷಿನ್ ಕೊಟ್ಟ ಕಾಟ ಸಣ್ಣದಲ್ಲ. ಆರ್ಟ್ ಪೇಪರಿನ ಮೇಲೆ ರಿಸೋ ಶಾಯಿ ಒಣಗುವುದೇ ಇಲ್ಲ, ವಾರ ಬಿಟ್ಟು ಮುಟ್ಟಿದರೂ ಬೆರಳು ಗುಲಾಬಿ. 100 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಲೇಪವಿಲ್ಲದ ಕಾಗದ, ನ್ಯಾಚುರಲ್ ಶೇಡ್, ಅದೇ ಸರಿ. ಮೊದಲ ಬಣ್ಣ ಒಣಗುವ ಮುಂಚೆ ಎರಡನೆಯದು ಹೊಡೆದರೆ ರೋಲರಿನ ಗೆರೆ ಹಾಳೆಯ ಉದ್ದಕ್ಕೂ ಬೀಳುತ್ತದೆ. ರಾತ್ರಿ ಬಿಡಿ ಎಂದು ಎಲ್ಲರೂ ಹೇಳುತ್ತಾರೆ, ಜೂನ್ ಜುಲೈಯಲ್ಲಿ ಒಂದು ರಾತ್ರಿ ಸಾಲದು. ನಾವು ಹಾಳೆಗಳ ನಡುವೆ ಒಂದು ಪುಡಿ ಎರಚುತ್ತೇವೆ. ಗಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಏನೂ ಇಲ್ಲ. ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ರೀಮುಗಟ್ಟಲೆ ಕಾಗದ ಹೋಗಿದೆ.

ಅಕ್ಷರದ ವಿಷಯ ಯಾರೂ ಮೊದಲೇ ಹೇಳಲಿಲ್ಲ. ಇಂಗ್ಲಿಷ್ ರಿಸೋ ಪುಸ್ತಕಗಳಲ್ಲಿ 9 ಪಾಯಿಂಟ್ ಅಕ್ಷರ ಚೆನ್ನಾಗಿಯೇ ನಿಲ್ಲುತ್ತದೆ. ಕನ್ನಡದಲ್ಲಿ ಒತ್ತಕ್ಷರದ ಹೊಟ್ಟೆ ಕಟ್ಟಿಕೊಂಡುಬಿಡುತ್ತದೆ. 'ಸ್ತ್ರ' ಒಂದು ಚುಕ್ಕೆಯಾಗುತ್ತದೆ, 'ಕ್ಷ್ಮ' ಕೇಳಲೇಬೇಡಿ. ಬಣ್ಣದ ಮೇಲೆ ಬಿಳಿ ಅಕ್ಷರ ಬಿಟ್ಟರೆ ಇನ್ನೂ ಕಷ್ಟ, ಶಾಯಿ ಒಳಗೆ ಹರಿದು ತಲೆಕಟ್ಟೇ ಹೋಗುತ್ತದೆ. ಈಗ ಒಳಪುಟದಲ್ಲಿ ಹನ್ನೆರಡೂವರೆ ಪಾಯಿಂಟ್, ಸಾಲುಗಳ ನಡುವೆ ಧಾರಾಳ ಜಾಗ, ಬಿಳಿ ಅಕ್ಷರ ಬೇಕಾದರೆ 18ಕ್ಕಿಂತ ಕಡಿಮೆ ಇಲ್ಲ. ಪುಟಕ್ಕೆ ಹಿಡಿಯುವ ಪದ ಕಡಿಮೆಯಾಯಿತು, ಬರಹವೂ ಬಿಗಿಯಾಯಿತು.

ಇನ್ನು ಹೊದಿಕೆ. ಎಲ್ಲರೂ ಕೇಳುವುದು ಇದನ್ನೇ. ಚಿಕ್ಕಪೇಟೆ ಆಸುಪಾಸಿನ ಗಲ್ಲಿಗಳಲ್ಲಿ ಮದುವೆ ಕಾರ್ಡಿಗೆ ಸ್ಕ್ರೀನ್ ಪ್ರಿಂಟ್ (ಫ್ರೇಮಿಗೆ ಬಿಗಿದ ಜಾಲರಿಯಿಂದ ಶಾಯಿ ಇಳಿಸುವ ಅಚ್ಚು) ಮಾಡುವವರ ಕೈ ನೋಡಿದ್ದೀರಲ್ಲ, ಚಿನ್ನದ ಬಣ್ಣದ ಗಣಪತಿಯ ಸೊಂಡಿಲಿನ ಗೆರೆ ಕೂಡ ಅಲುಗುವುದಿಲ್ಲ. ಸೀಸನ್ನಿನಲ್ಲಿ ಅವರು ನಮ್ಮತ್ತ ತಿರುಗಿ ನೋಡುವುದಿಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಯಿಲ್ಲ, ಫ್ರೇಮುಗಳು ಗೋಡೆಗೆ ಒರಗಿರುತ್ತವೆ. ಮೊದಲ ಸಲ ಹೋದಾಗ ಯಜಮಾನರು, "ಆಷಾಢದಲ್ಲಿ ಯಾರ ಮದುವೆ ಸಾರ್?" ಎಂದು ಕೇಳಿದರು. ಪುಸ್ತಕದ ಹೊದಿಕೆ ಅಂದೆ. ಡಿಸೈನ್ ತಿರುಗಿಸಿ ತಿರುಗಿಸಿ ನೋಡಿ, "ಗೋಲ್ಡ್ ಬೇಡ್ವಾ?" ಅಂದರು. ಬೇಡ ಅಂದೆ. ಮೂರನೇ ಪುಸ್ತಿಕೆಗೆ ಅವರ ಮಾತಿನಂತೆ ಗೋಲ್ಡ್ ಹಾಕಿದೆವು, ನೀಲಿಯ ಮೇಲೆ ಒಂದೇ ಒಂದು ಗೆರೆ. ನಮ್ಮ ಅತಿ ಚೆಂದದ ಹೊದಿಕೆ ಅದೇ. ಸೀಸನ್ನಿನಲ್ಲಿ ಹಾಳೆಗೆ ಬಣ್ಣವೊಂದಕ್ಕೆ ಮೂರು ರೂಪಾಯಿ ಇರುವ ಕೂಲಿ ಆಗ ಒಂದೂವರೆಗೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ನಾವು ಚೌಕಾಸಿ ಮಾಡುವುದಿಲ್ಲ, ನೀವೂ ಮಾಡಬೇಡಿ. ಧನುರ್ಮಾಸ ಡಿಸೆಂಬರ್ ನಡುವಿಗೆ ಶುರುವಾಗುತ್ತದೆ, ಕುಮಾರಕೃಪಾ ರಸ್ತೆಯ ಚಿತ್ರಸಂತೆ ಜನವರಿ ಮೊದಲಲ್ಲಿ. ಹೊಸ ಪುಸ್ತಿಕೆ ಸಂತೆಗೆ ಸರಿಯಾಗಿ ಕೈಗೆ ಬರುತ್ತದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ, ಹೆಚ್ಚುಕಮ್ಮಿ ಇರಬಹುದು. 300 ಪ್ರತಿ, 16 ಮಾಸ್ಟರ್, ತಲಾ 40ರ ಹತ್ತಿರ. ಶಾಯಿ ಎರಡು ಸಾವಿರ. ಕಾಗದ, ವೇಸ್ಟೇಜ್ ಸೇರಿ ಮೂರು ಸಾವಿರದೊಳಗೆ. ಹೊದಿಕೆಗೆ ಬೋರ್ಡು, ಫ್ರೇಮು, ಕೂಲಿ ಎಲ್ಲ ಸೇರಿ ಮೂರೂವರೆ ನಾಲ್ಕು ಸಾವಿರ. ಮಡಿಕೆ, ಪಿನ್, ಕಟಿಂಗ್ ಒಂದೂವರೆ ಸಾವಿರ. ಮೆಷಿನ್ ಸವಕಳಿ, ಕರೆಂಟು, ಹುಡುಗನ ಸಂಬಳ ಹಾಕಿದರೂ ಪ್ರತಿಯೊಂದಕ್ಕೆ 50 ದಾಟುವುದಿಲ್ಲ. ಬೆಲೆ 250. ಕಲಾವಿದರಿಗೆ ಮುದ್ರಣಕ್ಕೆ ಮುಂಚೆಯೇ 10 ಸಾವಿರ, ಜೊತೆಗೆ 20 ಪ್ರತಿ. ಗೋಡೆಯ ಒಂದು ತುಣುಕನ್ನು 40 ಸ್ಕ್ರೀನ್ ಪ್ರಿಂಟ್ ಮಾಡಿ, ಸಹಿ ಹಾಕಿಸಿ, 1500ರಂತೆ ಮಾರುತ್ತೇವೆ, ಬಂದದ್ದರಲ್ಲಿ ಅರ್ಧ ಅವರದು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಡಿ ಪ್ರಿಂಟಿಗೆ ಉಂಟು, ಬಿಲ್ಲು ಬೇರೆ ಮಾಡಿ. ಪುಸ್ತಕಕ್ಕೆಂದು ಕೊಂಡ ಕಾಗದದ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ, ಅದನ್ನು ಅಸಲಿಗೇ ಸೇರಿಸಿಕೊಳ್ಳಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ದೆಹಲಿಯ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಉಚಿತವಾಗಿಯೇ ಬರುತ್ತದೆ, ನಡುವೆ ದುಡ್ಡು ಕೇಳುವವರನ್ನು ನಂಬಬೇಡಿ.

ಒಪ್ಪಿಗೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಸಾರ್ವಜನಿಕ ಜಾಗದಲ್ಲಿದೆ, ಯಾರು ಬೇಕಾದರೂ ಫೋಟೊ ಅಚ್ಚು ಹಾಕಬಹುದು ಎಂದು ಬಹಳ ಜನ ತಿಳಿದಿದ್ದಾರೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಆ ರಿಯಾಯಿತಿ ಕೊಡುವುದು ಕಟ್ಟಡಕ್ಕೆ, ಸಾರ್ವಜನಿಕ ಜಾಗದಲ್ಲಿ ಕಾಯಂ ನಿಂತ ಶಿಲ್ಪಕ್ಕೆ, ಕುಶಲಕಲೆಯ ಕೃತಿಗೆ. ಬರೆದ ಚಿತ್ರ ಆ ಪಟ್ಟಿಯಲ್ಲಿಲ್ಲ. ಗೋಡೆ ಸರ್ಕಾರದ್ದಿರಲಿ, ಅಪಾರ್ಟ್‌ಮೆಂಟಿನದ್ದಿರಲಿ, ಚಿತ್ರದ ಹಕ್ಕು ಯಾರ ಹೆಸರಿನಲ್ಲಿದೆ ಎಂದು ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ಬ್ಯಾನರ್ ಬರೆಯುತ್ತಿದ್ದ ಒಬ್ಬ ಹಿರಿಯರ ಪುಸ್ತಿಕೆ ಮಾಡುವಾಗ ಇದರ ಬೆಲೆ ತಿಳಿಯಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಗಿ, 2018ರಲ್ಲಿ ಹೈಕೋರ್ಟ್ ಬಿಗಿ ಮಾಡಿ ನಗರದ ಫ್ಲೆಕ್ಸ್‌ಗಳು ಇಳಿದಾಗ ಮತ್ತೆ ಒಂದಿಷ್ಟು ಬೋರ್ಡು ಬರೆದವರು. ಅವರ ಗೋಡೆಗಳ ಮೇಲೆ ಹೆಸರೇ ಇರಲಿಲ್ಲ. ಕರಾರು ಪತ್ರ ಮುಂದಿಟ್ಟಾಗ ಪೆನ್ನು ಬಿಟ್ಟು ನಂಬರ್ ಆರು ಬ್ರಷ್ ತೆಗೆದು, ಎನಾಮಲ್ಲಿನಲ್ಲಿ ಅದ್ದಿ, ನೆರಳು ಬಿಟ್ಟು ತಮ್ಮ ಹೆಸರು ಬರೆದರು. ಹೊದಿಕೆ ಅದೇ ಆಯಿತು. ಕೋಟೆ ಗೋಡೆಗೆ ಬರೆದರೂ ಲಾರಿ ಹಿಂಭಾಗಕ್ಕೆ ಬರೆದರೂ ಅವರ 'ಳ' ಒಂದೇ ಅಳತೆಯಲ್ಲಿ ತಿರುಗುತ್ತದೆ. ನಮ್ಮಲ್ಲಿ ಬೀದಿ ಕಲೆ ಸ್ಪ್ರೇ ಡಬ್ಬಿಯಿಂದ ಶುರುವಾಯಿತು ಅನ್ನುವವರಿಗೆ ನಾನು ಆ ಪುಸ್ತಿಕೆ ಕೊಡುತ್ತೇನೆ. ಅತಿ ಹೆಚ್ಚು ಮಾರಾಟವಾದದ್ದೂ ಅದೇ, ಮೂರು ಸಲ ಅಚ್ಚಾಗಿದೆ.

ನಡುವೆ ಬೇರೆ ಬೇರೆ ಪ್ರಯೋಗ ಮಾಡಿದೆವು. ಕೆಡವುತ್ತಿದ್ದ ಗೋಡೆಯ ಬಣ್ಣದ ಚಕ್ಕೆಗಳನ್ನು ಚಿಕ್ಕ ಕವರಿನಲ್ಲಿ ಹಾಕಿ ಪ್ರತಿಯ ಜೊತೆ ಕೊಟ್ಟೆವು, ಚಕ್ಕೆ ಪುಡಿಯಾಗಿ ಅಂಚೆಯಲ್ಲಿ ಸೋರಿತು, ಬಿಟ್ಟೆವು. ಗೋಡೆಗೆ ತೆಳು ಕಾಗದ ಒತ್ತಿ ಇದ್ದಿಲು ಉಜ್ಜಿ ಗೋಡೆಯ ಒರಟಿನ ಅಚ್ಚು ತೆಗೆದದ್ದು ಮಾತ್ರ ಅದ್ಭುತವಾಗಿ ಬಂತು, ಒಳಹಾಳೆಗೆ ಈಗಲೂ ಬಳಸುತ್ತೇವೆ. ಇನ್ನೊಂದು, ಪಿನ್ ಬಿಚ್ಚಿದರೆ ಪುಟಗಳು ಸೇರಿ ಒಂದೇ ಪೋಸ್ಟರ್ ಆಗುವ ಪುಸ್ತಿಕೆ. ಅಂಟಿಸಲು ಮೈದಾ ಗೋಂದು ಕುದಿಸುವ ವಿಧಾನವನ್ನು ಸಿನಿಮಾ ಪೋಸ್ಟರ್ ಅಂಟಿಸುವವರಿಂದ ಕಲಿತು ಹಿಂಬದಿಯಲ್ಲಿ ಅಚ್ಚು ಹಾಕಿದೆವು. ಇಳಿಸುವ ಹೊತ್ತಿಗೆ ಚಿಟಿಕೆ ಮೈಲುತುತ್ತ ಹಾಕಬೇಕು, ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ಅದು ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ಪೋಸ್ಟರನ್ನು ನಿಮ್ಮ ಮನೆ ಗೋಡೆಗೇ ಅಂಟಿಸಿ. ಸಾರ್ವಜನಿಕ ಗೋಡೆಗೆ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಅನ್ವಯಿಸುತ್ತದೆ.

ಮಾರಾಟಕ್ಕೆ ಮಳಿಗೆ ನೆಚ್ಚಿಕೊಂಡಿಲ್ಲ. ಗೋಡೆ ಇರುವ ಬೀದಿಯಲ್ಲೇ ಮೊದಲ ಬಿಡುಗಡೆ, ಅಲ್ಲಿನ ಅಂಗಡಿಗಳಲ್ಲೇ ಹತ್ತಿಪ್ಪತ್ತು ಪ್ರತಿ. ಅರ್ಧಕ್ಕಿಂತ ಹೆಚ್ಚು ಮುಂಗಡ ಚಂದಾದಾರರಿಗೆ ಹೋಗುತ್ತದೆ, ವರ್ಷಕ್ಕೆ ನಾಲ್ಕು ಪುಸ್ತಿಕೆ, 800 ರೂಪಾಯಿ. 2024ರ ಡಿಸೆಂಬರಿನಲ್ಲಿ ಅಂಚೆಯವರ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಕಳವಳವಾಗಿತ್ತು. 2025ರ ಮೇ ತಿಂಗಳಿಂದ ಪುಸ್ತಕಗಳಿಗೆಂದೇ ಅಂಚೆಯ ಜ್ಞಾನ ಪೋಸ್ಟ್ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿಯಿಂದ ಶುರು. ನಮ್ಮ ಪುಸ್ತಿಕೆ ಕವರು ಸೇರಿ 100 ಗ್ರಾಂ ತೂಗಿದರೆ ಹೆಚ್ಚು. ಒಳಗೆ ಜಾಹೀರಾತು ಇರಬಾರದು, ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಬೇಕು. ಇವೆರಡು ನೋಡಿಕೊಂಡು ಕಟ್ಟಿ.

ಬರುವ ಆಷಾಢಕ್ಕೆ ಹಸಿರು ಡ್ರಮ್ ಸೇರುತ್ತದೆ, ಮೂರು ಬಣ್ಣದ ಪುಸ್ತಿಕೆಗೆ ಕೈಹಾಕುತ್ತಿದ್ದೇವೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಗೋಡೆಗಳ ಮೇಲೆ ಯಾರಾದರೂ ಇಂಥದ್ದು ಮಾಡುವುದಾದರೆ ಮೆಷಿನ್ ಕೊಡುತ್ತೇವೆ. ಕಾಗದ ನಿಮ್ಮದು, ಮಾಸ್ಟರ್ ಮತ್ತು ಶಾಯಿಯ ಖರ್ಚು ಕೊಟ್ಟರೆ ಸಾಕು. ಕಲಾವಿದರಿಗೆ ಮುಂಗಡ ಕೊಟ್ಟ ರಸೀದಿ ಮೊದಲು ತೋರಿಸಬೇಕು.