ಫ್ಯಾಕ್ಟರಿ ತಾತನ ಕಥೆ ಜೋಡಿಸುವುದು ಹೇಗೆ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬಿನ್ನಿ ಬಟ್ಟೆ ಮಿಲ್ಲಿಗೋ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐಗೋ ವಿಮಾನ ತಯಾರಿಸುವ ಎಚ್‌ಎಎಲ್‌ಗೋ ಹೋಗುತ್ತಿದ್ದ ತಾತ ಒಬ್ಬರಿದ್ದೇ ಇರುತ್ತಾರೆ. ಡೈರಿ ಬರೆದವರಲ್ಲ, ಪೇಪರಿನಲ್ಲಿ ಹೆಸರು ಬಂದವರೂ ಅಲ್ಲ. ಅವರ ಕಥೆ ಬರೆಯಲು ಹೊರಟರೆ ಎಲ್ಲರೂ ವಂಶವೃಕ್ಷ ಹಿಡಿದು ಕೂರುತ್ತಾರೆ. ಅದು ಆಮೇಲಿರಲಿ. ಮೊದಲು ತಾತನ ಕೆಲಸ ಹಿಡಿಯಿರಿ. ದುಡಿದವರ ಗುರುತು ಜಾಸ್ತಿ ಉಳಿದಿರುವುದು ದುಡಿದ ಜಾಗದ ಕಾಗದಗಳಲ್ಲೇ.

ಟ್ರಂಕು ತೆಗೆಯಿರಿ. ಪಿಎಫ್ ಚೀಟಿ, ಇಎಸ್‌ಐ ಕಾರ್ಡು, ಗೇಟ್ ಪಾಸು, ಯೂನಿಯನ್ ರಸೀದಿ ಯಾವುದನ್ನೂ ಬಿಸಾಡಬೇಡಿ. ಟೋಕನ್ ನಂಬರು (ಕಾರ್ಖಾನೆ ಕೊಟ್ಟ ಗುರುತಿನ ಸಂಖ್ಯೆ), ವಿಭಾಗದ ಹೆಸರು, ತಾರೀಖು ಬರೆದುಕೊಳ್ಳಿ. ಮನೆಯವರು ಹೇಳುವ ಮಾತನ್ನು ಕಾರ್ಖಾನೆಯ ಇಸವಿಗೆ ಹಚ್ಚಿ ನೋಡಿ. ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ 1954ರಲ್ಲಿ. 'ಸ್ವಾತಂತ್ರ್ಯಕ್ಕೆ ಮುಂಚೆಯೇ ಎಚ್‌ಎಂಟಿ ಸೇರಿದ್ರು' ಎಂದು ಚಿಕ್ಕಪ್ಪ ಎಷ್ಟೇ ಗಟ್ಟಿಯಾಗಿ ಹೇಳಿದರೂ ನಂಬುವ ಹಾಗಿಲ್ಲ.

ಈಗ ಫೋಟೊ. ಮೊದಲು ಹಿಂಬದಿ ನೋಡಿ. ಸ್ಟುಡಿಯೊ ಮೊಹರಿನಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ ಆದಮೇಲಿನದು. ಅದಕ್ಕೂ ಮುಂಚೆ ಸುಮ್ನೆ 'ಬೆಂಗಳೂರು-2' ಎಂದು ಬರೆಯುತ್ತಿದ್ದರು. ಕಾಗದದ ಮೇಲೆ 'ಮೈಸೂರು ರಾಜ್ಯ' ಎಂದು ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ 1973ರ ನವೆಂಬರಿಗಿಂತ ಹಳೆಯದು. ರಸೀದಿಯಲ್ಲಿ ಆಣೆ ಲೆಕ್ಕ ಕಂಡರೆ 1957ರ ಆಸುಪಾಸಿನದು ಅಥವಾ ಇನ್ನೂ ಹಿಂದಿನದು. ಬಟ್ಟೆ ನೋಡಿ ಮಾತ್ರ ಮೋಸಹೋಗಬೇಡಿ. ಕೋಟು, ಟೈ ಎಲ್ಲ ಸ್ಟುಡಿಯೊದವರೇ ಇಟ್ಟಿರುತ್ತಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆಯುಧಪೂಜೆ ಫೋಟೊ. ಮದುವೆ ಫೋಟೊದಲ್ಲಿ ತಾತ ಬರೀ ಮದುಮಗ. ಇಲ್ಲಿ ಅವರ ಯಂತ್ರವೂ ಇರುತ್ತದೆ, ಬಾಳೆಕಂದು ಕಟ್ಟಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು. ಎಷ್ಟೋ ಫ್ಯಾಕ್ಟರಿಗಳಲ್ಲಿ ಹೆಂಡತಿ ಮಕ್ಕಳನ್ನು ಒಳಗೆ ಬಿಡುತ್ತಿದ್ದದ್ದು ಅವತ್ತೇ. ಪಕ್ಕದಲ್ಲಿ ಯಾರು ನಿಂತಿದ್ದಾರೆ, ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ನೆಲದ ಮೇಲೆ ಯಾರು, ಎಲ್ಲವನ್ನೂ ಗಮನಿಸಿ. ಕುರ್ಚಿ ಸಾಮಾನ್ಯವಾಗಿ ಸಾಹೇಬರಿಗೆ, ಅಲ್ವಾ? ಗ್ರೂಪ್ ಫೋಟೊದ ದೊಡ್ಡ ಪ್ರಿಂಟ್ ತೆಗೆಸಿ, ಒಂದೊಂದು ತಲೆಗೂ ನಂಬರು ಹಾಕಿ, ತಾತನ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಮನೆಗೇ ಒಯ್ದು ತೋರಿಸಿ. ಒಬ್ಬರ ಹೆಸರು ನೆನಪಾದರೆ ಆ ಸಾಲಿನ ಇನ್ನೂ ಮೂವರ ಹೆಸರು ಬರುತ್ತದೆ.

ಅಜ್ಜಿಯನ್ನು ಕೇಳುವಾಗ 'ತಾತ ಹೇಗಿದ್ರು?' ಎನ್ನಬೇಡಿ. 'ಒಳ್ಳೆಯವರು ಕಣಪ್ಪ' ಎಂದು ಅಲ್ಲಿಗೇ ಮುಗಿಸಿಬಿಡುತ್ತಾರೆ. ಫೋಟೊ ಕೈಗೆ ಕೊಟ್ಟು ಚಿಕ್ಕ ಚಿಕ್ಕದು ಕೇಳಿ. 'ಫಸ್ಟ್ ಶಿಫ್ಟ್ ಇದ್ರೆ ಎಷ್ಟೊತ್ತಿಗೆ ಏಳ್ತಿದ್ರು ಅಜ್ಜಿ? ಡಬ್ಬಿಗೆ ಏನು ಹಾಕ್ತಿದ್ರಿ? ಸಂಬಳ ತಂದು ಯಾರ ಕೈಗೆ ಕೊಡ್ತಿದ್ರು?' ತಾತ ಸರ್ಕಾರಿ ಕಾರ್ಖಾನೆಯವರಾಗಿದ್ದರೆ 1980-81ರ 77 ದಿನದ ಮುಷ್ಕರದಲ್ಲಿ ಮನೆ ಹೇಗೆ ನಡೆಯಿತು ಎಂದು ಮರೆಯದೆ ಕೇಳಿ. ಅಡವಿಟ್ಟ ಒಡವೆ, ಅಂಗಡಿಯವನ ಸಾಲದ ಲೆಕ್ಕ ಆಗ ಹೊರಬರಬಹುದು. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಹೇಳಿಯೇ ಮಾಡಿ.

ಸ್ಕ್ಯಾನಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ತೀರಾ ಚಿಕ್ಕ ಫೋಟೊಗೆ 1200. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಬೆಳಕಿನಲ್ಲಿ ಫ್ಲಾಷ್ ಇಲ್ಲದೆ ಫೋನಿನಿಂದಲೇ ತೆಗೆಯಿರಿ. ಫ್ರೇಮಿನ ಗಾಜಿಗೆ ಅಂಟಿಕೊಂಡಿರುವ ಫೋಟೊ ಕೀಳಲು ಹೋಗಬೇಡಿ, ಮುಖವೇ ಎದ್ದು ಬರುತ್ತದೆ. ಗಾಜಿನ ಸಮೇತ ತೆಗೆದುಕೊಳ್ಳಿ. ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಎಐ ಆ್ಯಪಿಗೆ ಹಾಕಿ ಬಣ್ಣ ಬರಿಸುವುದು ಈಗಿನ ಹುಚ್ಚು. ನನಗೆ ಅದು ಹಿಡಿಸುವುದಿಲ್ಲ. ಮಸುಕಾದ ಮುಖವನ್ನು ಅದು ಚೊಕ್ಕ ಮಾಡುವುದಿಲ್ಲ, ಊಹಿಸಿ ಬೇರೆ ಕಣ್ಣು ಮೂಗು ಇಡುತ್ತದೆ. ಮಾಡಲೇಬೇಕೆಂದರೆ ಮೂಲ ಸ್ಕ್ಯಾನ್ ಬೇರೆ ಇಟ್ಟುಕೊಂಡು ಮಾಡಿ.

ಕೊನೆಗೆ ಎಲ್ಲವನ್ನೂ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ. 'ಅದು ನಿಮ್ಮ ತಾತ ಅಲ್ಲ, ಅವರ ತಮ್ಮ' ಎಂದು ಯಾರೋ ಒಬ್ಬರು ಜಗಳಕ್ಕೆ ಬರುತ್ತಾರೆ. ವಾದ ಮಾಡಬೇಡಿ. ಯಾರು ಹೇಳಿದರು ಎಂಬುದರ ಸಮೇತ ಅದನ್ನೂ ಬರೆದಿಡಿ.